ಕಾಲುವೆಯ ಮೇಲೆ, ಕಾಲುವೆಯ ಕೆಳಗೆ

ದೇಶ ಮೈಲು ಬಿಟ್ಟು ಕಿಲೋಮೀಟರಿಗೆ ಬಂದು ಅರವತ್ತು ವರ್ಷ ಮೇಲಾಯಿತು. ತುಂಗಭದ್ರಾ ಎಡದಂಡೆ ಕಾಲುವೆ ಮಾತ್ರ ಇನ್ನೂ ಮೈಲಿನ ಲೆಕ್ಕದಲ್ಲೇ ಹರಿಯುತ್ತಿದೆ. ಮುನಿರಾಬಾದಿನಲ್ಲಿ ಅಣೆಕಟ್ಟೆಯಿಂದ ಹೊರಬೀಳುವ ನೀರು 227 ಕಿ.ಮೀ. ಸಾಗುತ್ತದೆ ಎಂದು ಕಡತದಲ್ಲಿ ಬರೆದಿರಬಹುದು. ಸಿಂಧನೂರಿನ ರೈತರ ಬಾಯಲ್ಲಿ ಇರುವುದು ‘ಮೈಲ್ 69ರ ಗೇಜು’. ಮಾನ್ವಿ, ಸಿರವಾರದವರ ಕಣ್ಣು ಅದಕ್ಕೂ ಕೆಳಗಿನ ಮೈಲ್ 104ರ ಮೇಲೆ. ಈ ಎರಡು ಜಾಗಗಳಲ್ಲಿ ನೀರು ಎಷ್ಟು ಅಡಿ ನಿಂತಿದೆ ಎಂಬುದರ ಮೇಲೆ ಸಭೆ ನಡೆಯುತ್ತದೆ, ರಸ್ತೆ ತಡೆ ಆಗುತ್ತದೆ, ಕೆಲವೊಮ್ಮೆ ಕಾಲುವೆ ದಂಡೆಯ ಮೇಲೆ ಪೊಲೀಸರೂ ಬಂದು ನಿಲ್ಲುತ್ತಾರೆ.

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದಕ್ಕೊಂದು ಒತ್ತಿಕೊಂಡಿರುವ ತಾಲ್ಲೂಕುಗಳು. ಕೃಷ್ಣಾ, ತುಂಗಭದ್ರೆಯರ ನಡುವಿನ ಈ ದೋಆಬಿನ ಸೀಮೆಗೆ ಮಳೆ ಕಡಿಮೆ. ಒಂದು ಕಡೆ ಎರೆ, ಇನ್ನೊಂದು ಕಡೆ ಮಸಾರಿ, ನಡುನಡುವೆ ಬಂಡೆಗುಡ್ಡ. ಆದರೆ ಸಿಂಧನೂರಿನಿಂದ ಮಸ್ಕಿಯ ದಾರಿ ಹಿಡಿದವರಿಗೆ ಕಾಲುವೆಯ ನೀರು ಏರಲಾರದ ನೆಲ ಬರುತ್ತಲೇ ಬೇರೊಂದು ಜಿಲ್ಲೆಗೆ ಕಾಲಿಟ್ಟಂತಾಗುತ್ತದೆ. ಹಿಂದೆ ಬಿಟ್ಟದ್ದು ಭತ್ತದ ಗದ್ದೆ, ಅಕ್ಕಿ ಗಿರಣಿಗಳ ಹೊಗೆಕೊಳವೆ, ಟ್ರ್ಯಾಕ್ಟರ್ ಶೋರೂಮು. ಮುಂದೆ ಇರುವುದು ತೊಗರಿ, ಸಜ್ಜೆ, ಹತ್ತಿ ಮತ್ತು ಆಕಾಶ. ಈ ಗೆರೆಯನ್ನು ಎಳೆದದ್ದು ರಾಜರಲ್ಲ, ಎಂಜಿನಿಯರುಗಳು. ಅದಕ್ಕೆ ಈಗ ಎಪ್ಪತ್ತು ವರ್ಷ ದಾಟಿದೆ.

ಇಲ್ಲಿನ ಚರಿತ್ರೆ ಕೇಳಿದರೆ ಯಾರಾದರೂ ಮೊದಲು ಬೆರಳು ಮಾಡುವುದು ಮಸ್ಕಿಯ ಬಂಡೆಯ ಕಡೆಗೆ. ಅದು ಸಹಜವೂ ಹೌದು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ದೇಶದ ತುಂಬ ಬಂಡೆಗಳ ಮೇಲೆ ಮಾತಾಡುತ್ತಿದ್ದ ‘ದೇವಾನಂಪಿಯ’ ದೊರೆ ಯಾರೆಂಬುದಕ್ಕೆ ಶ್ರೀಲಂಕಾದ ಗ್ರಂಥಗಳ ಆಸರೆ ಬೇಕಾಗಿತ್ತು. 1915ರಲ್ಲಿ ಮಸ್ಕಿಯ ಗುಡ್ಡದ ಓರೆಯಲ್ಲಿ ಸಿಕ್ಕ ಶಾಸನದಲ್ಲಿ ಆ ಬಿರುದಿನ ಪಕ್ಕದಲ್ಲೇ ‘ಅಸೋಕ’ ಎಂಬ ಹೆಸರು ಕೆತ್ತಿತ್ತು. ಆಮೇಲೆ ಮಧ್ಯಪ್ರದೇಶದ ಗುಜರ್ರಾ, ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉಡೆಗೋಳಗಳಲ್ಲೂ ಆ ಹೆಸರು ಸಿಕ್ಕಿತು. ಮೊದಲ ಮಾನ ಮಾತ್ರ ಮಸ್ಕಿಯದು. ಶಾಸನವನ್ನು ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿ. ಕಂಡುಹಿಡಿದವನು ಪಂಡಿತನಲ್ಲ, ಪುರಾತತ್ತ್ವದವನೂ ಅಲ್ಲ. ಬಂಗಾರದ ಅದಿರು ಹುಡುಕಿಕೊಂಡು ಬಂದಿದ್ದ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್.

ಬಂಗಾರದವರು ಈ ಸೀಮೆಗೆ ಬಂದದ್ದರಲ್ಲಿ ಆಕಸ್ಮಿಕವೇನೂ ಇರಲಿಲ್ಲ. ಹತ್ತಿರದ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನ ಬಂಡೆಯನ್ನು ಬೆಂಕಿಯಲ್ಲಿ ಕಾಯಿಸಿ, ನೀರೆರಚಿ ಸೀಳಿ, ನೂರಾರು ಅಡಿ ಆಳಕ್ಕೆ ಇಳಿದಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಹೈದರಾಬಾದಿನ ಕಂಪನಿ ಆ ಹಳೆಯ ಬಿಲಗಳ ಜಾಡು ಹಿಡಿದೇ ಗಣಿ ತೆರೆಯಿತು, ಕೆಲಕಾಲ ನಡೆಸಿ ಮುಚ್ಚಿತು. 1947ರಲ್ಲಿ ಮತ್ತೆ ಹೊಸ ಕಂಪನಿ ಬಂತು. ಅದೇ ಇಂದಿನ ರಾಜ್ಯ ಸರ್ಕಾರದ ಹಟ್ಟಿ ಚಿನ್ನದ ಗಣಿ. ಕೋಲಾರದ ಗಣಿ 2001ರಲ್ಲಿ ಬಾಗಿಲು ಹಾಕಿದ ಮೇಲೆ ದೇಶದ ಚಿನ್ನದ ಉತ್ಪಾದನೆಯಲ್ಲಿ ದೊಡ್ಡ ಹೆಸರು ಇದೇ. ಗಣಿ ನೌಕರರ ವಸತಿಗೆ ಜನ ಇಟ್ಟ ಹೆಸರು ಹಟ್ಟಿ ಕ್ಯಾಂಪ್.

ಅಶೋಕನಿಗಿಂತ ಬಹಳ ಹಿಂದೆಯೇ ಇಲ್ಲಿ ದನ ಕಟ್ಟಿಕೊಂಡು, ಹೊಲ ಮಾಡಿಕೊಂಡು ಜನ ಬಾಳುತ್ತಿದ್ದರು. ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿ ಎಫ್.ಆರ್. ಆಲ್ಚಿನ್ 1950ರ ದಶಕದ ಆರಂಭದಲ್ಲಿ ನೆಲ ಅಗೆದಾಗ ನವಶಿಲಾಯುಗದ ದನಗಾಹಿಗಳ ಬದುಕು ಹೊರಬಂತು. ಅಲ್ಲಿನ ಬಂಡೆಗಳ ಮೇಲೆ ಡುಬ್ಬದ ಎತ್ತುಗಳ ಚಿತ್ರಗಳಿವೆ. 1954ರಲ್ಲಿ ಬಿ.ಕೆ. ಥಾಪರ್ ಮಸ್ಕಿಯಲ್ಲೇ ಉತ್ಖನನ ಮಾಡಿ, ಕಲ್ಲಿನ ಕೊಡಲಿಯ ಕಾಲದಿಂದ ಮಧ್ಯಯುಗದವರೆಗಿನ ಪದರಗಳನ್ನು ಒಂದರ ಮೇಲೊಂದು ತೋರಿಸಿದರು. ಹನ್ನೊಂದನೇ ಶತಮಾನದಲ್ಲಿ ಚೋಳ ರಾಜೇಂದ್ರನೂ ಚಾಲುಕ್ಯ ಜಯಸಿಂಹನೂ ಕಾದಾಡಿದ ‘ಮುಸಂಗಿ’ ಇದೇ ಮಸ್ಕಿ ಎಂಬುದು ಅನೇಕ ಇತಿಹಾಸಕಾರರ ನಿಲುವು. ಮುದಗಲ್ಲಿನ ಕೋಟೆಗಾಗಿ ಬಹಮನಿಗಳೂ ವಿಜಯನಗರದವರೂ ಎಷ್ಟು ಸಲ ದೋಆಬಿಗೆ ದಂಡು ತಂದರೆಂಬುದನ್ನು ಶಾಲೆಯ ಪಾಠವೇ ಹೇಳುತ್ತದೆ. ಆ ದಂಡುಗಳು ತಿಂದ ಜೋಳ ಯಾರ ಹೊಲದ್ದೆಂದು ಪಾಠ ಹೇಳುವುದಿಲ್ಲ.

ಲಿಂಗಸುಗೂರಿನದು ಇನ್ನೊಂದು ದಾರಿ. ಹೈದರಾಬಾದ್ ಕಂಟಿಂಜೆಂಟ್ ಸೇನೆ ಅಲ್ಲಿ ಛಾವಣಿ ಹೂಡಿತ್ತು. ಸಾಲ ತೀರಿಸಲಾಗದ ನಿಜಾಮ 1853ರಲ್ಲಿ ದೋಆಬನ್ನು ಇಂಗ್ಲಿಷರಿಗೆ ಒಪ್ಪಿಸಿದ. 1860ರಲ್ಲಿ ಅದು ವಾಪಸು ಬಂತು. ಈ ನಡುವೆ 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಮೇಲೆ ಹೋದ ಪಡೆಗಳಲ್ಲಿ ಲಿಂಗಸುಗೂರಿನ ಪಡೆಯೂ ಇತ್ತು. ಆಮೇಲೆ ಇದೇ ಊರು ಜಿಲ್ಲಾ ಕೇಂದ್ರವಾಯಿತು. ಸಿಂಧನೂರು, ಗಂಗಾವತಿ, ಕುಷ್ಟಗಿ, ಶಹಾಪುರ, ಸುರಪುರಗಳೆಲ್ಲ ಅದರ ತೆಕ್ಕೆಯಲ್ಲಿದ್ದವು. 1905ರಲ್ಲಿ ನಿಜಾಂ ಸರ್ಕಾರ ಆ ಜಿಲ್ಲೆಯನ್ನೇ ಅಳಿಸಿ ಒಂದು ಭಾಗವನ್ನು ರಾಯಚೂರಿಗೆ, ಇನ್ನೊಂದನ್ನು ಗುಲಬರ್ಗಾಕ್ಕೆ ಹಂಚಿತು. ಒಂದು ಕಾಲದಲ್ಲಿ ತನ್ನ ತಾಲ್ಲೂಕಾಗಿದ್ದ ಸಿಂಧನೂರು ವ್ಯಾಪಾರದಲ್ಲಿ ತನ್ನನ್ನು ಮೀರಿ ಬೆಳೆಯುವುದನ್ನು ಲಿಂಗಸುಗೂರು ನೋಡಬೇಕಾಗಿ ಬಂದದ್ದು ಕಾಲುವೆಯ ದೆಸೆಯಿಂದ.

ಕಾಲುವೆ ಬರುವ ಮುಂಚಿನ ಒಕ್ಕಲುತನವನ್ನು ತಿಳಿಯಬೇಕೆಂದರೆ ಹಗೇವಿನಿಂದ ಶುರು ಮಾಡಬೇಕು. ಮನೆಯ ಮುಂದೆಯೋ ಊರ ಅಗಸೆಯ ಬಳಿಯೋ ಗಟ್ಟಿ ನೆಲ ನೋಡಿ ಆಳದ ಗುಂಡಿ ತೋಡುತ್ತಿದ್ದರು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೋಡೆಗೆ ಒಣಹುಲ್ಲು ಒತ್ತಿ, ಬಿಳಿಜೋಳ ತುಂಬಿ, ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳು ಹತ್ತುತ್ತಿರಲಿಲ್ಲ. ತೆರೆದ ಕೂಡಲೇ ಒಳಗಿಳಿಯುವಂತಿಲ್ಲ. ಕಾಳು ಬಿಟ್ಟ ವಿಷಗಾಳಿ ಆರಲು ಬಿಡಬೇಕು, ದೀಪ ಇಳಿಬಿಟ್ಟು ನೋಡಬೇಕು, ದೀಪ ಆರಿತೋ ಮನುಷ್ಯ ಇಳಿಯಕೂಡದು. ಎರೆಹೊಲದ ಹಿಂಗಾರಿ ಜೋಳಕ್ಕೆ ಮಳೆ ಎರಡು ಸಲ ಬಿದ್ದರೂ ಸಾಕು, ನೆಲದ ತೇವ ಹಿಡಿದು ಚಳಿಗಾಲದಲ್ಲಿ ತೆನೆ ತುಂಬುತ್ತದೆ. ದಂಟು ದನಕ್ಕೆ ಕಣಿಕೆ, ಕಾಳು ಮನೆಗೆ ರೊಟ್ಟಿ. ಒಳ್ಳೆಯ ವರ್ಷದ್ದನ್ನು ಕೆಟ್ಟ ವರ್ಷಕ್ಕೆ ದಾಟಿಸುವುದೇ ಇಲ್ಲಿ ಬೇಸಾಯದ ಜಾಣತನವಾಗಿತ್ತು.

ಹಗೇವೂ ಬರಿದಾದ ವರ್ಷಗಳಿದ್ದವು. 1876ರಿಂದ 78ರವರೆಗಿನ ಬರ, ಧಾತು–ಈಶ್ವರ ಸಂವತ್ಸರಗಳದ್ದು, ಬಳ್ಳಾರಿಯಂತೆ ರಾಯಚೂರು, ಲಿಂಗಸುಗೂರು ಸೀಮೆಗಳನ್ನೂ ಹಿಂಡಿತು. ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಮಾತಿನ ಹಿಂದೆ ಇಂಥ ಬರಗಳ ನೆನಪಿತ್ತು. ಮದ್ರಾಸ್ ಪ್ರಾಂತ ಮತ್ತು ನಿಜಾಂ ರಾಜ್ಯ ದಶಕಗಟ್ಟಲೆ ಕಾಗದ ಬರೆದಾಡಿ 1944ರಲ್ಲಿ ಒಪ್ಪಂದಕ್ಕೆ ಬಂದವು. 1945ರ ಫೆಬ್ರುವರಿಯಲ್ಲಿ ಒಂದು ದಂಡೆಯಲ್ಲಿ ಮದ್ರಾಸಿನ ಗವರ್ನರ್, ಇನ್ನೊಂದು ದಂಡೆಯಲ್ಲಿ ನಿಜಾಮನ ಮಗ ಅಡಿಗಲ್ಲಿಟ್ಟರು. ಕಟ್ಟೆ ಏಳುವ ಹೊತ್ತಿಗೆ ಆ ಗವರ್ನರನ ಸಾಮ್ರಾಜ್ಯವೂ ಇರಲಿಲ್ಲ, ನಿಜಾಮನ ರಾಜ್ಯವೂ ಇರಲಿಲ್ಲ. 1953ರಲ್ಲಿ ಕಾಲುವೆಗೆ ನೀರು ಬಿಟ್ಟಾಗ ಸಿಂಧನೂರು ಇನ್ನೂ, ನಿಜಾಮನ ಆಳ್ವಿಕೆ ಮುಗಿದಿದ್ದ, ಹೈದರಾಬಾದ್ ರಾಜ್ಯದಲ್ಲೇ ಇತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು.

ಆ ಕಾಲುವೆಯನ್ನು ಭತ್ತಕ್ಕೆಂದು ಮಾಡಿರಲಿಲ್ಲ ಎಂಬುದನ್ನು ಈಗ ಹೇಳಿದರೆ ನಂಬುವುದು ಕಷ್ಟ. ಎಡದಂಡೆಯ ಸುಮಾರು 6 ಲಕ್ಷ ಎಕರೆಗೆ ನೀರನ್ನು ತೆಳ್ಳಗೆ ಹಂಚಿ, ಆದಷ್ಟು ಹೆಚ್ಚು ಊರುಗಳನ್ನು ಬರದಿಂದ ಪಾರು ಮಾಡುವುದು ಯೋಜನೆಯ ಆಲೋಚನೆ. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂಬುದನ್ನು ಸರ್ಕಾರವೇ ಗೊತ್ತು ಮಾಡಿತು. ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ. ಭತ್ತಕ್ಕೆ, ಕಬ್ಬಿಗೆ ಸಣ್ಣ ಪಾಲು. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಹಂಚಿಕೆ ಇರಲಿಲ್ಲ.

ಸ್ಥಳೀಯ ಒಕ್ಕಲಿಗರು ಮೊದಮೊದಲು ಕಾಲುವೆಯ ನೀರನ್ನು ಅನುಮಾನದಿಂದಲೇ ನೋಡಿದರು. ಎರೆಗೆ ನೀರು ಕಟ್ಟಿ ಗೊತ್ತಿಲ್ಲ. ಹೊಲ ಸಮ ಮಾಡಲು ರೊಕ್ಕ ಬೇಕು, ನೀರಿನ ಕರ ಬೇರೆ. ಈ ಹೊತ್ತಿಗೆ ಕೃಷ್ಣಾ, ಗೋದಾವರಿ ಮುಖಜಭೂಮಿಯ ಆಂಧ್ರದ ರೈತರು ಬಂದರು. ಅಲ್ಲಿ ಒಂದೆರಡು ಎಕರೆ ಮಾರಿದರೆ ಇಲ್ಲಿ ಅದರ ಹಲವು ಪಟ್ಟು ಸಿಗುತ್ತಿತ್ತು. ಅವರು ಊರೊಳಗೆ ಮನೆ ಹುಡುಕಲಿಲ್ಲ. ಕೊಂಡ ಹೊಲದಲ್ಲೇ ಗುಡಿಸಲು ಹಾಕಿದರು, ನೆಲ ಸಮ ಮಾಡಿದರು, ಬದು ಕಟ್ಟಿ ಮಡಿ ಮಾಡಿದರು, ನೀರು ನಿಲ್ಲಿಸಿದರು. ಗುಡಿಸಲು ಸಾಲಾಯಿತು, ಸಾಲು ಕ್ಯಾಂಪಾಯಿತು. ಸಾಸಲಮರಿಯ ಪಕ್ಕದಲ್ಲಿ ಸಾಸಲಮರಿ ಕ್ಯಾಂಪ್. ಗಾಂಧಿನಗರ, ಶ್ರೀಪುರಂ ಜಂಕ್ಷನ್ ಎಂಬ ಹೆಸರುಗಳು ಹೊಸದಾಗಿ ಹುಟ್ಟಿದವು. ಇಂದು ಅಲ್ಲಿ ಮಹಡಿ ಮನೆಗಳು, ರಾಮನ ಗುಡಿ, ಇಂಗ್ಲಿಷ್ ಮಾಧ್ಯಮದ ಶಾಲೆ ಇವೆ. ಕ್ಯಾಂಪ್ ಎಂಬುದು ಮಾತ್ರ ಬಿಟ್ಟುಹೋಗಿಲ್ಲ, ಪಡಿತರ ಚೀಟಿಯಲ್ಲೂ ಅದೇ. ಮೂರನೇ ತಲೆಮಾರು ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುತ್ತದೆ.

ಭತ್ತಕ್ಕೆ ಒಂದು ಗುಣವಿದೆ. ಒಬ್ಬನ ಹೊಲದಲ್ಲಿ ಅದು ನಿಂತರೆ ಸಾಕು, ಬಸಿನೀರು ಪಕ್ಕದವನ ಎರೆಗೆ ಇಳಿದು ಜೋಳದ ಬೇರು ಕೊಳೆಯುತ್ತದೆ. ಪಕ್ಕದವನಿಗೆ ಆಗ ಉಳಿಯುವ ದಾರಿ ತಾನೂ ಭತ್ತ ಹಚ್ಚುವುದೊಂದೇ. ಹೀಗೆ ಸರ್ಕಾರದ ನಕ್ಷೆಯಲ್ಲಿ ಜೋಳವಾಗಿದ್ದ ನಂಬರುಗಳು ನೆಲದ ಮೇಲೆ ಗದ್ದೆಯಾದವು. ದಂಡದ ಕರ ಹಾಕಿದರೂ ಭತ್ತದ ಆದಾಯದ ಮುಂದೆ ಅದು ಲೆಕ್ಕಕ್ಕೇ ಬರಲಿಲ್ಲ. ಈ ಕಾಲುವೆಯ ಮೇಲಿನ ರಾಜಕೀಯವನ್ನು ಇಲ್ಲೇ ಇದ್ದು ಅಧ್ಯಯನ ಮಾಡಿದ ಡಚ್ ವಿದ್ವಾಂಸ ಪೀಟರ್ ಮೊಲಿಂಗಾ ‘ಆನ್ ದ ವಾಟರ್‌ಫ್ರಂಟ್’ ಎಂಬ ದೊಡ್ಡ ಪುಸ್ತಕವನ್ನೇ ಬರೆದಿದ್ದಾರೆ. ತೂಬಿನ ಗೇಟು ಯಾರ ಕೈಯಲ್ಲಿ, ಗ್ಯಾಂಗ್‌ಮನ್ ಯಾರ ಮಾತು ಕೇಳುತ್ತಾನೆ, ಎಂಜಿನಿಯರಿಗೆ ಶಾಸಕರ ಫೋನು ಯಾವಾಗ ಬರುತ್ತದೆ ಎಂಬುದೆಲ್ಲ ಅದರಲ್ಲಿದೆ. ನಮ್ಮವರು ಕನ್ನಡದಲ್ಲಿ ಬರೆಯಬೇಕಾಗಿದ್ದ ಪುಸ್ತಕ ಅದು.

ಹೊರಗಿನವರು ನೆಲೆಸಿದ ಸೀಮೆ ತನ್ನ ಕಥೆಯನ್ನು ಬರೆದಿಟ್ಟುಕೊಂಡ ಉದಾಹರಣೆ ಬೇರೆಡೆ ಇದೆ. ಅಮೆರಿಕದ ಮಧ್ಯಪಶ್ಚಿಮದಲ್ಲಿ 1785ರ ಭೂಕಾಯ್ದೆ ನೆಲವನ್ನು ಆರು ಮೈಲು ಉದ್ದ, ಆರು ಮೈಲು ಅಗಲದ ಟೌನ್‌ಶಿಪ್‌ಗಳಾಗಿ ಕತ್ತರಿಸಿತು. ಒಂದೊಂದರಲ್ಲಿ 36 ತುಂಡು. 16ನೆಯದು ಶಾಲೆಗೆ ಮೀಸಲು. ಅಲ್ಲಿಯೂ ಹೊರಗಿನಿಂದ ಬಂದ ರೈತರು ಹೊಲದಲ್ಲೇ ಮನೆ ಕಟ್ಟಿದರು. ಯಾವ ತುಂಡಿನಲ್ಲಿ ಯಾವ ಮನೆತನ ಇತ್ತೆಂದು ಹೇಳುವ ನಕ್ಷೆಪುಸ್ತಕಗಳು ಅಲ್ಲಿ ಅಚ್ಚಾಗಿವೆ. ಸಿಂಧನೂರಿನ ನೆಲಕ್ಕೂ ನಂಬರು ಬಿದ್ದಿದೆ: 36ನೇ ಉಪಕಾಲುವೆ, 54ನೇ ಉಪಕಾಲುವೆ ಎಂದರೆ ಯಾವ ಊರುಗಳೆಂದು ಜನ ಥಟ್ಟನೆ ಹೇಳುತ್ತಾರೆ. ಆದರೆ ಮೊದಲ ಗುಡಿಸಲು ಹಾಕಿದವರು ಯಾರು, ಆ ಹೊಲ ಮಾರಿದವರು ಆಮೇಲೆ ಎಲ್ಲಿ ಹೋದರು ಎಂಬುದು ನೋಂದಣಿ ಕಚೇರಿಯ ದಫ್ತರದಲ್ಲಿ ಬಿಟ್ಟರೆ ಮತ್ತೆಲ್ಲೂ ಬರಹಕ್ಕೆ ಬಂದಿಲ್ಲ. ಮಾರಿದವರ ಕಥೆ ಕೊಂಡವರ ಕಥೆಯಷ್ಟು ಹೊಳಪಿನದಲ್ಲ. ಹಲವರು ತಮ್ಮದೇ ಹಳೆಯ ಹೊಲದ ಬದುವಿನ ಮೇಲೆ ಕೂಲಿಗೆ ನಿಂತರು.

ಸಿಂಧನೂರಿಗೆ ಬಂದವರು ಆಂಧ್ರದವರಷ್ಟೇ ಅಲ್ಲ. 1970ರ ದಶಕದ ಆರಂಭದಲ್ಲಿ ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ಹಿಂದೂ ಕುಟುಂಬಗಳಿಗೆ ಕೇಂದ್ರ ಸರ್ಕಾರ ಇಲ್ಲಿ ಪುನರ್ವಸತಿ ಶಿಬಿರಗಳನ್ನು ಮಾಡಿತು. ಆರ್‌ಎಚ್ ಕ್ಯಾಂಪ್ ಒಂದು, ಎರಡು, ಮೂರು ಎಂದು ಅವಕ್ಕೂ ನಂಬರೇ. ಜೋಳದ ಸೀಮೆಯ ನಡುವೆ ಮೀನು–ಅನ್ನದ ಊಟದ ಮನೆಗಳು, ನವರಾತ್ರಿಗೆ ದುರ್ಗೆಯ ಮಣ್ಣಿನ ಮೂರ್ತಿ, ಢಾಕ್ ವಾದ್ಯ. ಬನದ ಹುಣ್ಣಿಮೆಯಂದು ಸಿದ್ಧಪರ್ವತದ ಅಂಬಾಮಠದ ಜಾತ್ರೆಗೆ ಬಂಡಿ ಕಟ್ಟುವವರಿಗೂ ಇವರಿಗೂ ದೇವಿ ಒಬ್ಬಳೇ. ಪೌರತ್ವದ ಕಾಗದ ಮಾತ್ರ ಹಲವರಿಗೆ ಅರ್ಧ ಶತಮಾನ ಕಳೆದರೂ ಕೈಸೇರಲಿಲ್ಲ. ತಿದ್ದುಪಡಿಯಾದ ಪೌರತ್ವ ಕಾಯ್ದೆಯಡಿ ಇಲ್ಲಿನ ಕೆಲವರಿಗೆ ಅದು ಸಿಕ್ಕಿದ್ದು 2024ರಲ್ಲಿ.

ಭತ್ತ ತಂದ ಹಣ ಕಣ್ಣಿಗೆ ಕಾಣುತ್ತದೆ. ಬಾಪಟ್ಲದ ಸಂಶೋಧನಾ ಕೇಂದ್ರದ ಬಿಪಿಟಿ 5204, ಸೋನಾ ಮಸೂರಿ, ಈಚಿನ ಆರ್‌ಎನ್‌ಆರ್ ತಳಿ: ಮಂದಿಯಂತೆ ತಳಿಗಳೂ ತೆಲುಗು ನಾಡಿನಿಂದಲೇ ಬಂದವು. ದೇಶವೆಲ್ಲ ಕ್ವಿಂಟಲಿನಲ್ಲಿ ಬೆಲೆ ಹೇಳುವಾಗ ಇಲ್ಲಿ 75 ಕೆ.ಜಿ. ಚೀಲಕ್ಕೆ ಇಷ್ಟು ಎನ್ನುವುದು ರೂಢಿ. ಲೀಜಿನ ಮಾತೂ ಎಕರೆಗೆ ಇಷ್ಟು ಚೀಲ ಎಂದೇ. ನಾಟಿಯ ದಿನಗಳಲ್ಲಿ ಮಳೆಯಾಶ್ರಿತ ಊರುಗಳ ಹೆಣ್ಣುಮಕ್ಕಳು ಟಂಟಂ ತುಂಬಿಕೊಂಡು ನಸುಕಿನಲ್ಲೇ ಬರುತ್ತಾರೆ; ಗುತ್ತಿಗೆ ಮಾತಾಡಿ, ಸೊಂಟ ಬಗ್ಗಿಸಿ, ಸಂಜೆಯೊಳಗೆ ಎಕರೆಗಟ್ಟಲೆ ಸಸಿ ಹಚ್ಚಿ ಮರಳುತ್ತಾರೆ. ಕಟಾವಿಗೆ ಯಂತ್ರ ಬಂದ ಮೇಲೆ ಅವರ ಎರಡನೇ ಸುಗ್ಗಿ ಹೋಯಿತು.

ಖರ್ಚಿನ ಬದಿಯೂ ಇದೆ. ನೀರು ನಿಂತು ನಿಂತು, ಉಪ್ಪು ಮೇಲೆದ್ದು, ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸುಮಾರು 96 ಸಾವಿರ ಹೆಕ್ಟೇರ್ ಸವಳು–ಜವಳಾಗಿದೆ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪುಡಿ ಉದುರಿಸಿದಂತೆ ಕಾಣುವ ತಗ್ಗಿನ ಹೊಲಗಳವು. ಮೊದಲು ಕೈಬಿಟ್ಟವು ಅವೇ. ಮೇಲಿನವರು ಭತ್ತಕ್ಕೆ ಹೀರಿದ್ದರಿಂದ ಬಾಲದ ಕಡೆಯ ಮಾನ್ವಿ, ಸಿರವಾರ, ರಾಯಚೂರಿನ ಊರುಗಳಿಗೆ ಪಾಲಿನ ನೀರು ತಲುಪುವುದೇ ಪ್ರತಿ ಹಂಗಾಮಿನ ಜಗಳ. ಇತ್ತ ಜಲಾಶಯವೂ ಹೂಳು ತುಂಬಿ ಸುಮಾರು 133 ಟಿಎಂಸಿಯಿಂದ 105.788 ಟಿಎಂಸಿಗೆ ಇಳಿದಿದೆ. ಆ ನಷ್ಟ ತುಂಬಲು ಕೊಪ್ಪಳ ಜಿಲ್ಲೆಯ ನವಲಿಯ ಬಳಿ ಸಮತೋಲನ ಜಲಾಶಯ ಎಂಬ ಮಾತು ಚುನಾವಣೆಯಿಂದ ಚುನಾವಣೆಗೆ ನಡೆದುಬರುತ್ತಿದೆ. 2024ರ ಆಗಸ್ಟ್ 10ರ ರಾತ್ರಿ ತುಂಬಿದ ಅಣೆಕಟ್ಟೆಯ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ವಾರದೊಳಗೆ ತಾತ್ಕಾಲಿಕ ಗೇಟು ಕೂಡಿಸಿ ನೀರು ಉಳಿಸಿದರು. ಮರುವರ್ಷ ಸುರಕ್ಷತೆಗೆಂದು ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿ, 33 ಗೇಟುಗಳನ್ನೂ ಬದಲಿಸಬೇಕೆಂದು ಎರಡನೇ ಬೆಳೆಗೆ ನೀರಿಲ್ಲ ಎಂದರು. ಎರಡು ಬೆಳೆಯ ಲೆಕ್ಕದಲ್ಲೇ ಲೀಜು, ಸಾಲ, ಮದುವೆ ನಿಶ್ಚಯಿಸಿಕೊಂಡಿದ್ದ ಸೀಮೆಗೆ ಅದು ಸಣ್ಣ ಮಾತಾಗಿರಲಿಲ್ಲ.

ಕಾಲುವೆಯ ಮೇಲಿನ ಮಸ್ಕಿಯ ಒಣ ಊರುಗಳವರು ಇದನ್ನೆಲ್ಲ ನೋಡುತ್ತಲೇ ಬೆಳೆದವರು. ಲಿಂಗಸುಗೂರಿನ ಒಂದಷ್ಟು ಭಾಗಕ್ಕೆ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ ಬಂತು. ಎರಡು ನದಿಗಳ ನಡುವೆ ಇದ್ದೂ ಎರಡರ ಕಾಲುವೆಗೂ ನಿಲುಕದ ಊರುಗಳು ಮಾತ್ರ ಉಳಿದವು. ಅಲ್ಲಿನ ಹಳ್ಳಿ, ತಾಂಡಾಗಳಿಂದ ಸುಗ್ಗಿ ಮುಗಿದೊಡನೆ ಬೆಂಗಳೂರು, ಪುಣೆಗಳ ಕಟ್ಟಡ ಕೆಲಸಕ್ಕೆ ಗುಳೆ ಹೊರಡುತ್ತಾರೆ. ಮನೆಯಲ್ಲಿ ಮುದುಕರು, ಶಾಲೆಯ ಮಕ್ಕಳು. 2020ರ ನವೆಂಬರಿನಲ್ಲಿ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕೂತರು. ನಾರಾಯಣಪುರ ಬಲದಂಡೆಯ 5ಎ ಶಾಖಾ ಕಾಲುವೆಯಿಂದ ಹರಿನೀರು ಬೇಕು ಎಂಬುದು ಬೇಡಿಕೆ. ನಂದವಾಡಗಿ ಏತ ನೀರಾವರಿಯಲ್ಲಿ ಹನಿ ನೀರು ಕೊಡುತ್ತೇವೆ ಎಂಬುದು ಸರ್ಕಾರದ ಉತ್ತರ. ಸಿಂಧನೂರಿನ ತುಂಬಿದ ಮಡಿಗಳನ್ನು ಕಣ್ಣಾರೆ ಕಂಡವರಿಗೆ ಪೈಪಿನ ಹನಿ ತೋರಿಸಿದರೆ ಒಪ್ಪುವರೇ? ಧರಣಿ ನೂರು ದಿನ ದಾಟಿತು. 2021ರ ಏಪ್ರಿಲಿನ ಮಸ್ಕಿ ಉಪಚುನಾವಣೆಯ ತುಂಬ 5ಎ ಎಂಬ ಎರಡಕ್ಷರದ್ದೇ ಸದ್ದು. ಪಕ್ಷ ಬದಲಿಸಿ ಮತ್ತೆ ಕಣಕ್ಕಿಳಿದ ಪ್ರತಾಪಗೌಡ ಪಾಟೀಲರು ಸೋತು, ಬಸನಗೌಡ ತುರ್ವಿಹಾಳ ಗೆದ್ದರು. ಇತರ ಕಾರಣಗಳೂ ಇದ್ದವು, ನಿಜ. ಆದರೆ ಇಡೀ ಚುನಾವಣೆಗೆ ಒಂದು ಕಾಲುವೆಯ ನಂಬರು ಹೀಗೆ ಅಂಟಿಕೊಂಡದ್ದು ರಾಜ್ಯದಲ್ಲಿ ಅಪರೂಪ.

ಇತ್ತೀಚಿನ ಬದಲಾವಣೆಗಳಲ್ಲಿ ದೊಡ್ಡದೆಂದರೆ ರೈಲು. ಗಿಣಿಗೇರಾ–ಮಹಬೂಬನಗರ ಮಾರ್ಗದ ಹಳಿ ಎರಡು ದಶಕಕ್ಕೂ ಹೆಚ್ಚು ಕಾಲ ತೆವಳಿ 2024ರ ಮಾರ್ಚಿನಲ್ಲಿ ಸಿಂಧನೂರಿಗೆ ಮುಟ್ಟಿತು. ಅದಕ್ಕೂ ಮೊದಲಿನ ಬದಲಾವಣೆ ಹೊಸ ತಾಲ್ಲೂಕಿನದು: ಮಸ್ಕಿ ತಾಲ್ಲೂಕಾಗಿ ಕೆಲಸ ಶುರು ಮಾಡಿದ್ದು 2018ರಲ್ಲಿ. ಲಿಂಗಸುಗೂರು, ಸಿಂಧನೂರು, ಮಾನ್ವಿ ಮೂರರಿಂದಲೂ ಊರುಗಳನ್ನು ಕಿತ್ತು ಹೊಸ ತಾಲ್ಲೂಕು ಕಟ್ಟಿದರು. ಹೀಗಾಗಿ ಸಿಂಧನೂರಿನ ನೀರಾವರಿಯ ಬಳಗಾನೂರೂ ಧರಣಿಯ ಪಾಮನಕಲ್ಲೂರೂ ಈಗ ಒಂದೇ ತಾಲ್ಲೂಕಿನವು. ಕಾಲುವೆಗೆ ನೀರು ಬಿಡಿಸಿ ಎಂಬ ಅರ್ಜಿಯೂ, ಕಾಲುವೆಯನ್ನೇ ತಂದುಕೊಡಿ ಎಂಬ ಅರ್ಜಿಯೂ ಒಬ್ಬರೇ ತಹಶೀಲ್ದಾರರ ಮೇಜಿಗೆ ಬರುತ್ತವೆ.